ಪ್ರೈವೆಸಿ ಪಾಲಿಸಿಯನ್ನು ಕಾಲು ಗಂಟೆಯಲ್ಲಿ ಓದುವ ಬಗೆ

ಕೆಲವು ವರ್ಷ ನಾನು ಒಂದು ಸಣ್ಣ ಕಂಪನಿಯ ಗ್ರಾಹಕ ಸೇವಾ ವಿಭಾಗದಲ್ಲಿದ್ದೆ. ಮೇಲಿನವರು ಯಾರಾದರೂ 'ಈ ತಿಂಗಳು ಹೊಸ ಗ್ರಾಹಕರು ಎಷ್ಟು?' ಎಂದು ಕೇಳಿದರೆ ಇಡೀ ಎಕ್ಸೆಲ್ ಫೈಲನ್ನೇ ಮೇಲ್ ಮಾಡಿಬಿಡುತ್ತಿದ್ದೆವು. ಅವರಿಗೆ ಬೇಕಿದ್ದದ್ದು ಒಂದು ಸಂಖ್ಯೆ. ಹೋಗುತ್ತಿದ್ದದ್ದು ಸಾವಿರಾರು ಜನರ ಹೆಸರು, ಫೋನ್ ನಂಬರ್, ವಿಳಾಸ, ಹುಟ್ಟಿದ ದಿನ. ಆ ಫೈಲುಗಳು ಯಾರ್ಯಾರ ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಇವತ್ತಿಗೂ ಬಿದ್ದಿವೆಯೋ. ಅದೇ ಹೊತ್ತಿಗೆ ನಮ್ಮ ವೆಬ್‌ಸೈಟಿನಲ್ಲಿ 'ನಿಮ್ಮ ಖಾಸಗಿತನ ನಮಗೆ ಬಹಳ ಮುಖ್ಯ' ಎಂದು ದಪ್ಪ ಅಕ್ಷರದಲ್ಲಿತ್ತು. ಸುಳ್ಳು ಹೇಳಬೇಕೆಂದು ಯಾರೂ ಹಾಗೆ ಬರೆದಿರಲಿಲ್ಲ. ಅದನ್ನು ಬರೆದವರು ಬೇರೆ, ಫೈಲು ಕಳಿಸುತ್ತಿದ್ದವರು ಬೇರೆ, ಅಷ್ಟೇ.

ಅಲ್ಲಿಂದ ನನಗೊಂದು ಅಭ್ಯಾಸ ಅಂಟಿಕೊಂಡಿತು. ಎಷ್ಟು ಗಟ್ಟಿ ಬೀಗ ಹಾಕಿದ್ದೇವೆ ಎಂದು ಕಂಪನಿ ಹೇಳಿಕೊಂಡರೆ ಅಷ್ಟಾಗಿ ಕಿವಿಗೊಡುವುದಿಲ್ಲ. ಒಳಗೆ ಏನೇನು ಇಟ್ಟುಕೊಂಡಿದ್ದಾರೆ, ಯಾವಾಗ ಅಳಿಸುತ್ತಾರೆ ಎಂದು ನೋಡುತ್ತೇನೆ. ಇಲ್ಲದ್ದನ್ನು ಯಾವ ಕಳ್ಳನೂ ಕದಿಯಲಾರ, ಅಲ್ವಾ?

ಆದರೆ ಇದನ್ನೆಲ್ಲ ತಿಳಿಯಲು ಪ್ರೈವೆಸಿ ಪಾಲಿಸಿ, ಅಂದರೆ ನಮ್ಮ ಮಾಹಿತಿಯನ್ನು ಏನು ಮಾಡುತ್ತೇವೆ ಎಂದು ಕಂಪನಿ ಬರೆದಿಡುವ ದಾಖಲೆ ಓದಬೇಕು, ಅದನ್ನು ಯಾರೂ ಓದುವುದಿಲ್ಲ. ಓದದಿರುವುದು ತಪ್ಪೂ ಅಲ್ಲ. ಒಬ್ಬ ಮನುಷ್ಯ ತಾನು ವರ್ಷದಲ್ಲಿ ನೋಡುವ ವೆಬ್‌ಸೈಟುಗಳ ಪಾಲಿಸಿಗಳನ್ನೆಲ್ಲ ಓದಲು ಕೂತರೆ 200 ಗಂಟೆಗೂ ಜಾಸ್ತಿ ಬೇಕು ಎಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಲೆಕ್ಕ ಹಾಕಿದ್ದರು. ಈಗ ಪಾಲಿಸಿಗಳೂ ಜಾಸ್ತಿ, ಅವುಗಳ ಉದ್ದವೂ ಜಾಸ್ತಿ. ಹಾಗಾಗಿ ಪೂರ್ತಿ ಓದಲು ಹೋಗಬೇಡಿ. ಎಲ್ಲಿ ಕೈ ಹಾಕಬೇಕು ಎಂದು ಗೊತ್ತಿದ್ದರೆ ಕಾಲು ಗಂಟೆ ಸಾಕು.

ಹೆಜ್ಜೆ 1: ಪಾಲಿಸಿಗಿಂತ ಮೊದಲು ಫಾರ್ಮ್ ನೋಡಿ

ಕಂಪನಿಯ ಗುಣ ಮೊದಲು ಕಾಣುವುದು ಅದು ತುಂಬಿಸುವ ಫಾರ್ಮಿನಲ್ಲಿ. ಕಡ್ಡಾಯ ಎಂದು ಕೆಂಪು ನಕ್ಷತ್ರ ಹಾಕಿದ ಪ್ರತಿ ಖಾನೆಗೂ ಒಂದೇ ಪ್ರಶ್ನೆ ಕೇಳಿ: ಇದು ಇಲ್ಲದಿದ್ದರೆ ಇವರ ಕೆಲಸ ನಿಲ್ಲುತ್ತದೆಯೇ? ಸಾಮಾನು ಮನೆಗೆ ತಲುಪಿಸಬೇಕಾದರೆ ವಿಳಾಸ ಬೇಕೇ ಬೇಕು. ಒಂದು ಪಿಡಿಎಫ್ ಇಳಿಸಿಕೊಳ್ಳಲು ಫೋನ್ ನಂಬರ್ ಯಾಕೆ? 18 ದಾಟಿದೆಯೇ ಎಂದು ತಿಳಿಯಬೇಕಾದರೆ ಹೌದು, ಇಲ್ಲ ಎಂಬ ಉತ್ತರ ಸಾಲದೇ? ಹುಟ್ಟಿದ ತಾರೀಕು, ತಿಂಗಳು, ವರ್ಷ ಮೂರೂ ಯಾಕೆ?

ಹುಟ್ಟಿದ ದಿನದ ಬಗ್ಗೆ ಸ್ವಲ್ಪ ಹೇಳಲೇಬೇಕು. ಹೆಸರು ಕೊಡದಿದ್ದರೆ ಸಾಕು, ಉಳಿದದ್ದು ಕೊಟ್ಟರೇನು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಲತಾನ್ಯಾ ಸ್ವೀನಿ ಎಂಬ ಕಂಪ್ಯೂಟರ್ ವಿಜ್ಞಾನಿ 2000ದಲ್ಲಿ ಅಮೆರಿಕದ ಜನಗಣತಿ ಅಂಕಿಗಳನ್ನು ಹಿಡಿದು ಒಂದು ಲೆಕ್ಕ ಮಾಡಿದರು. ಹುಟ್ಟಿದ ದಿನ, ಗಂಡೋ ಹೆಣ್ಣೋ, ಅಂಚೆ ಪಿನ್ ಕೋಡ್. ಈ ಮೂರೇ ಮೂರು ಗೊತ್ತಿದ್ದರೆ ಅಲ್ಲಿನ ಶೇಕಡಾ 87ರಷ್ಟು ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದು ಎಂದು ಅದರಲ್ಲಿ ಗೊತ್ತಾಯಿತು. ಹೆಸರಿನ ಅಗತ್ಯವೇ ಇಲ್ಲ.

ಮೊಬೈಲ್ ಆ್ಯಪ್ ಆದರೆ ಅದು ಕೇಳುವ ಅನುಮತಿಗಳೇ ಫಾರ್ಮ್. 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 'ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್' ಎಂಬ ಆ್ಯಪಿನ ಮೇಲೆ ಕ್ರಮ ಕೈಗೊಂಡಿತು. ಅದು ಮಾಡುತ್ತಿದ್ದ ಕೆಲಸ ಫೋನಿನ ದೀಪ ಹಚ್ಚುವುದು. ಹಚ್ಚುತ್ತಲೇ ನೀವು ಎಲ್ಲಿದ್ದೀರಿ ಎಂಬುದನ್ನೂ ಫೋನಿನ ಗುರುತನ್ನೂ ಜಾಹೀರಾತು ಕಂಪನಿಗಳಿಗೆ ರವಾನಿಸುತ್ತಿತ್ತು. ಬೇಡ ಎಂದು ಒತ್ತುವ ಮೊದಲೇ ಮಾಹಿತಿ ಹೋಗಿರುತ್ತಿತ್ತು.

ಕಾಂಟ್ಯಾಕ್ಟ್ಸ್ ಕೇಳುವ ಆ್ಯಪ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಒರಟ. ಬೇಡ ಎಂದೇ ಒತ್ತುತ್ತೇನೆ. ಅಲ್ಲಿ ನೀವು ಕೊಡುವುದು ನಿಮ್ಮ ಮಾಹಿತಿಯಲ್ಲ, ನಿಮ್ಮನ್ನು ನಂಬಿ ನಂಬರ್ ಕೊಟ್ಟವರದ್ದು. ಫೇಸ್‌ಬುಕ್‌ನಲ್ಲಿ ಒಂದು ರಸಪ್ರಶ್ನೆ ಆ್ಯಪಿಗೆ ಸುಮಾರು 3 ಲಕ್ಷ ಜನ ಅನುಮತಿ ಕೊಟ್ಟಿದ್ದರು. ಅವರ ಗೆಳೆಯರದ್ದೂ ಸೇರಿ, ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಕಂಪನಿಯ ಕೈಸೇರಿದ್ದು 8.7 ಕೋಟಿ ಜನರವರೆಗಿನ ಮಾಹಿತಿ. ಈ ಲೆಕ್ಕವನ್ನು 2018ರಲ್ಲಿ ಫೇಸ್‌ಬುಕ್ ತಾನೇ ಕೊಟ್ಟಿತು.

ಹೆಜ್ಜೆ 2: ಮೊದಲು ಹುಡುಕಬೇಕಾದ ಪದ 'ಅವಧಿ'

ಈಗ ಪಾಲಿಸಿ ತೆರೆಯಿರಿ. ಮೇಲಿನಿಂದ ಓದಬೇಡಿ. ಮೇಲಿರುವುದು ಬರೀ ಉಪಚಾರದ ಮಾತು. ಬ್ರೌಸರಿನ ಹುಡುಕುವ ಸೌಲಭ್ಯ ಬಳಸಿ. ಪಾಲಿಸಿ ಇಂಗ್ಲಿಷಿನಲ್ಲಿದ್ದರೆ 'ರಿಟೇನ್' ಅಥವಾ 'ರಿಟೆನ್ಷನ್' ಎಂದೂ ಕನ್ನಡದಲ್ಲಿದ್ದರೆ 'ಅವಧಿ' ಎಂದೂ ಹುಡುಕಿ. ನನ್ನ ಪ್ರಕಾರ ಇಡೀ ಪಾಲಿಸಿಯಲ್ಲಿ ಕಂಪನಿಯ ಬಣ್ಣ ಹೇಳುವ ಸಾಲು ಇದೇ.

ಒಳ್ಳೆಯ ಸಾಲು ಹೀಗಿರುತ್ತದೆ: 'ಬಿಲ್ಲಿನ ವಿವರಗಳನ್ನು ತೆರಿಗೆ ಕಾನೂನು ಹೇಳಿದಷ್ಟು ವರ್ಷ ಇಡುತ್ತೇವೆ. ಚಾಟ್ ಮಾಡಿದ್ದನ್ನು 90 ದಿನಕ್ಕೆ ಅಳಿಸುತ್ತೇವೆ. ಖಾತೆ ಮುಚ್ಚಿದ 30 ದಿನದೊಳಗೆ ಉಳಿದದ್ದೆಲ್ಲ ಹೋಗುತ್ತದೆ. ಬ್ಯಾಕಪ್‌ನಲ್ಲಿ ಇನ್ನೂ 60 ದಿನ ಇರಬಹುದು.' ಸಂಖ್ಯೆ ಇದೆ, ಕಾರಣ ಇದೆ, ಬ್ಯಾಕಪ್ ವಿಷಯವನ್ನೂ ಮುಚ್ಚಿಟ್ಟಿಲ್ಲ. ಬ್ಯಾಕಪ್ ಬಗ್ಗೆ ಹೇಳಿದ ಕಂಪನಿಯನ್ನು ನಾನು ಸ್ವಲ್ಪ ಜಾಸ್ತಿಯೇ ನಂಬುತ್ತೇನೆ. ಯಾಕೆಂದರೆ ಒಂದು ಬಟನ್ ಒತ್ತಿದ ತಕ್ಷಣ ಎಲ್ಲ ಕಡೆಯಿಂದಲೂ ಮಾಹಿತಿ ಮಾಯವಾಗುವುದು ಬಹಳ ಕಡಿಮೆ. ಹಳೆಯ ಬ್ಯಾಕಪ್‌ಗಳು ತಮ್ಮ ಸರದಿ ಬಂದಾಗಲೇ ಅಳಿಯುತ್ತವೆ.

ಕೆಟ್ಟ ಸಾಲು ಹೀಗೆ: 'ಸೇವೆ ಒದಗಿಸಲು ಹಾಗೂ ನಮ್ಮ ನ್ಯಾಯಸಮ್ಮತ ವ್ಯಾವಹಾರಿಕ ಉದ್ದೇಶಗಳಿಗೆ ಅಗತ್ಯವಿರುವವರೆಗೆ ಮಾಹಿತಿಯನ್ನು ಉಳಿಸಿಕೊಳ್ಳುತ್ತೇವೆ.' ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅಗತ್ಯ ಯಾರಿಗೆ? ಯಾವತ್ತಿನವರೆಗೆ? ಈ ಸಾಲಿನ ಅರ್ಥ 'ನಮಗೆ ಇಷ್ಟ ಬಂದಷ್ಟು ದಿನ' ಎಂದೇ ಇಟ್ಟುಕೊಳ್ಳಿ.

ಅಳಿಸುವುದು, ನಿಷ್ಕ್ರಿಯ ಮಾಡುವುದು ಎರಡೂ ಒಂದೇ ಅಲ್ಲ ಎನ್ನುವುದನ್ನೂ ಇಲ್ಲೇ ನೋಡಿಕೊಳ್ಳಿ. 'ಡಿಆ್ಯಕ್ಟಿವೇಟ್' ಎಂದರೆ ಅಂಗಡಿಯ ಬಾಗಿಲು ಎಳೆದಂತೆ, ಸಾಮಾನೆಲ್ಲ ಒಳಗೇ ಇರುತ್ತದೆ. 'ಡಿಲೀಟ್' ಎಂದಿದ್ದರೂ ಏನೇನು ಅಳಿಯುತ್ತದೆ ಎಂದು ಓದಿ. ಆಶ್ಲಿ ಮ್ಯಾಡಿಸನ್ ಎಂಬ ಡೇಟಿಂಗ್ ವೆಬ್‌ಸೈಟ್ ಖಾತೆಯನ್ನು ಪೂರ್ತಿ ಅಳಿಸುತ್ತೇನೆಂದು 19 ಡಾಲರ್ ತೆಗೆದುಕೊಳ್ಳುತ್ತಿತ್ತು. 2015ರಲ್ಲಿ ಅದರ ದತ್ತಾಂಶ ಕಳುವಾಗಿ ಹೊರಗೆ ಬಿದ್ದಾಗ, ದುಡ್ಡು ಕೊಟ್ಟು ಅಳಿಸಿಕೊಂಡಿದ್ದವರ ಮಾಹಿತಿಯೂ ಅದರಲ್ಲಿತ್ತು. ಇಂಥವರ ಮಾಹಿತಿಯನ್ನು 12 ತಿಂಗಳವರೆಗೂ ಇಟ್ಟುಕೊಳ್ಳುತ್ತಿದ್ದರು ಎಂದು ಆಮೇಲೆ ತನಿಖೆಯಲ್ಲಿ ತಿಳಿಯಿತು. ಅಂಥ ತಾಣದಲ್ಲಿ ಖಾತೆ ಇತ್ತು ಎನ್ನುವ ಒಂದೇ ವಿಷಯ ಎಷ್ಟು ಮನೆಗಳನ್ನು ಅಲ್ಲಾಡಿಸಿರಬಹುದು, ನೀವೇ ಊಹಿಸಿ.

ಇನ್ನೊಂದು ಉದಾಹರಣೆ ಹೋಟೆಲಿನದು. ಮ್ಯಾರಿಯಟ್ 2016ರಲ್ಲಿ ಸ್ಟಾರ್‌ವುಡ್ ಹೋಟೆಲ್ ಬಳಗವನ್ನು ಕೊಂಡಿತು. ಸ್ಟಾರ್‌ವುಡ್‌ನ ಬುಕಿಂಗ್ ವ್ಯವಸ್ಥೆಯೊಳಗೆ 2014ರಿಂದಲೇ ಕಳ್ಳರು ಕೂತಿದ್ದರು. ಗೊತ್ತಾಗಿದ್ದು 2018ರಲ್ಲಿ. ಕಳುವಾದದ್ದರಲ್ಲಿ 50 ಲಕ್ಷಕ್ಕೂ ಜಾಸ್ತಿ ಪಾಸ್‌ಪೋರ್ಟ್ ನಂಬರ್‌ಗಳು ಎನ್‌ಕ್ರಿಪ್ಟ್ ಮಾಡದೆ, ಅಂದರೆ ಗುಪ್ತ ಸಂಕೇತಕ್ಕೆ ಬದಲಾಯಿಸದೆ, ಹಾಗೇ ಇಟ್ಟಿದ್ದವು. ರೂಮು ಖಾಲಿ ಮಾಡಿ ವರ್ಷಗಳೇ ಕಳೆದವರ ಪಾಸ್‌ಪೋರ್ಟ್ ನಂಬರ್ ಹೋಟೆಲಿಗೆ ಯಾತಕ್ಕೆ ಬೇಕಿತ್ತು? ಬೀಗದ ಪ್ರಶ್ನೆ ಆಮೇಲೆ ಬರುತ್ತದೆ.

ಹೆಜ್ಜೆ 3: ಯಾರ್ಯಾರ ಕೈಗೆ ಹೋಗುತ್ತದೆ?

ಈಗ 'ಹಂಚಿಕೆ', 'ಪಾಲುದಾರರು', ಇಂಗ್ಲಿಷಿನಲ್ಲಾದರೆ 'ಶೇರ್', 'ಪಾರ್ಟ್‌ನರ್', 'ಥರ್ಡ್ ಪಾರ್ಟಿ' ಎಂದು ಹುಡುಕಿ. ಹಂಚಿಕೊಳ್ಳುತ್ತೇವೆ ಎಂದು ಇದ್ದ ತಕ್ಷಣ ಗಾಬರಿ ಬೇಡ. ಹಂಚದೆ ಯಾವ ಕಂಪನಿಯೂ ನಡೆಯುವುದಿಲ್ಲ. ಕೊರಿಯರ್‌ನವರಿಗೆ ವಿಳಾಸ ಕೊಡಲೇಬೇಕು, ಪೇಮೆಂಟ್ ಗೇಟ್‌ವೇಗೆ ಮೊತ್ತ ತಿಳಿಸಲೇಬೇಕು, ಎಸ್ಸೆಮ್ಮೆಸ್ ಕಳಿಸುವ ಸಂಸ್ಥೆಗೆ ನಂಬರ್ ಕೊಡಲೇಬೇಕು. ಇವರು ಕಂಪನಿಯ ಪರವಾಗಿ ಕೆಲಸ ಮಾಡುವವರು. ಇವರು ಯಾರು ಎಂದು ಹೆಸರು ಹಾಕಿ ಪಟ್ಟಿ ಕೊಟ್ಟಿದ್ದರೆ ಅದು ಒಳ್ಳೆಯ ಲಕ್ಷಣ.

ಎರಡನೆಯ ಗುಂಪು ಅದೇ ಬಳಗದ ಬೇರೆ ಕಂಪನಿಗಳು. ಮೂರನೆಯದು ಜಾಹೀರಾತಿನವರು ಮತ್ತು ಮಾಹಿತಿ ವ್ಯಾಪಾರಿಗಳು. ಈ ಮೂರನೆಯ ಗುಂಪಿನ ಮುಂದೆ ನಿಂತು ಒಂದೊಂದು ಪದವನ್ನೂ ನೋಡಿ. 'ನಿಮ್ಮ ಮಾಹಿತಿಯನ್ನು ನಾವು ಮಾರುವುದಿಲ್ಲ' ಎನ್ನುವ ಸಾಲು ಎಲ್ಲ ಕಡೆ ಇರುತ್ತದೆ. ದುಡ್ಡು ತೆಗೆದುಕೊಳ್ಳದೆ ಸುಮ್ನೆ ಕೊಟ್ಟು, ಬದಲಿಗೆ ಜಾಹೀರಾತಿನ ಲಾಭ ಪಡೆದರೆ ಅದು ಮಾರಾಟವೇ? ಕ್ಯಾಲಿಫೋರ್ನಿಯಾದ ಗ್ರಾಹಕ ಖಾಸಗಿತನ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂದಾಗ ಇದನ್ನೇ ಹಿಡಿಯಿತು. ಹಣ ಮಾತ್ರವಲ್ಲ, ಬೆಲೆಯುಳ್ಳ ಬೇರೆ ಯಾವ ಪ್ರತಿಫಲ ಪಡೆದರೂ ಅದು ಮಾರಾಟವೇ ಎಂದಿತು. ಆದ್ದರಿಂದ 'ಮಾರುವುದಿಲ್ಲ' ಎಂಬುದನ್ನು ಓದಿ ನೆಮ್ಮದಿಯಾಗಬೇಡಿ. 'ಜಾಹೀರಾತಿಗಾಗಿ ಹಂಚಿಕೊಳ್ಳುವುದಿಲ್ಲ' ಎಂದೂ ಇದೆಯೇ ನೋಡಿ.

'ಹೆಸರು ತೆಗೆದು ಹಂಚುತ್ತೇವೆ' ಎಂದರೆ? 2006ರಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್ನೆಟ್ ಸಂಸ್ಥೆ ಸುಮಾರು 6.5 ಲಕ್ಷ ಬಳಕೆದಾರರ ಹುಡುಕಾಟದ ಪದಗಳನ್ನು ಸಂಶೋಧನೆಗೆಂದು ಬಿಡುಗಡೆ ಮಾಡಿತು. ಹೆಸರಿನ ಜಾಗದಲ್ಲಿ ನಂಬರ್ ಹಾಕಿತ್ತು. ಪತ್ರಕರ್ತರು ಆ ಹುಡುಕಾಟಗಳನ್ನೇ ಓದಿ ಕೆಲವೇ ದಿನಗಳಲ್ಲಿ ಒಬ್ಬ ಮಹಿಳೆಯ ಮನೆ ಬಾಗಿಲು ತಟ್ಟಿದರು. ನಾವು ಏನನ್ನು ಹುಡುಕುತ್ತೇವೋ ಅದೇ ನಮ್ಮ ವಿಳಾಸ.

ಈ ಭಾಗದಲ್ಲಿ ಕಣ್ಣಿಗೆ ಬೀಳದಂತೆ ಅಡಗಿರುವ ಒಂದು ಸಾಲು ಉಂಟು: ಕಂಪನಿ ಮಾರಾಟವಾದರೆ, ವಿಲೀನವಾದರೆ, ದಿವಾಳಿಯಾದರೆ ಗ್ರಾಹಕರ ಮಾಹಿತಿಯೂ ಆಸ್ತಿಯ ಜೊತೆ ಹೊಸ ಒಡೆಯರಿಗೆ ಹೋಗುತ್ತದೆ ಎಂಬುದು. ಮೊದಲೆಲ್ಲ ನಾನು ಇದನ್ನು ದಾಟಿ ಹೋಗುತ್ತಿದ್ದೆ. 2025ರ ಮಾರ್ಚಿನಲ್ಲಿ ಜೊಲ್ಲಿನ ಮಾದರಿಯಿಂದ ಡಿಎನ್‌ಎ ಪರೀಕ್ಷೆ ಮಾಡುತ್ತಿದ್ದ 23ಆ್ಯಂಡ್‌ಮೀ ಕಂಪನಿ ದಿವಾಳಿ ಅರ್ಜಿ ಹಾಕಿತು. ಸುಮಾರು 1.5 ಕೋಟಿ ಗ್ರಾಹಕರ ವಂಶವಾಹಿ ಮಾಹಿತಿ ಹರಾಜಿನ ಸರಕಾಯಿತು. ಕೊನೆಗೆ ಕಂಪನಿಯ ಸಂಸ್ಥಾಪಕಿಯೇ ನಡೆಸುವ ಲಾಭರಹಿತ ಸಂಸ್ಥೆ ಅದನ್ನು 30.5 ಕೋಟಿ ಡಾಲರಿಗೆ ಕೊಂಡಿತು. ಬೇರೆ ಯಾರೋ ಕೊಂಡಿದ್ದರೆ? ಈ ಸಾಲಿನ ಪಕ್ಕ 'ಹಾಗಾದರೆ ಮೊದಲೇ ನಿಮಗೆ ತಿಳಿಸುತ್ತೇವೆ, ಅಳಿಸಿಕೊಳ್ಳಲು ಸಮಯ ಕೊಡುತ್ತೇವೆ' ಎಂದಿದ್ದರೆ ಪರವಾಗಿಲ್ಲ.

ಹೆಜ್ಜೆ 4: ಬೀಗವನ್ನು ಹೊರಗಿನಿಂದಲೇ ಅಲ್ಲಾಡಿಸಿ ನೋಡಿ

ಭದ್ರತೆ ಎಂಬ ಶೀರ್ಷಿಕೆಯ ಕೆಳಗೆ ಪಾಲಿಸಿಗಳಲ್ಲಿ ಹೆಚ್ಚೇನೂ ಇರುವುದಿಲ್ಲ. 'ಸೂಕ್ತ ತಾಂತ್ರಿಕ ಕ್ರಮಗಳು', 'ಉದ್ಯಮದ ಮಾನದಂಡ', '256 ಬಿಟ್ ಎನ್‌ಕ್ರಿಪ್ಷನ್'. ಕೊನೆಯದು ಕೇಳಲು ಭಾರಿಯಾಗಿದೆ, ಆದರೆ ಇವತ್ತು ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಬೀಗ ಅದು. ಕೀಲಿ ಯಾರ ಹತ್ತಿರ ಇದೆ ಎನ್ನುವುದೇ ಮುಖ್ಯ, ಅದನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ಇಲ್ಲಿ ಓದುವುದನ್ನು ಬಿಟ್ಟು ಪರೀಕ್ಷೆ ಮಾಡಿ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತುವುದು. ಹೊಸ ಪಾಸ್‌ವರ್ಡ್ ಮಾಡಿಕೊಳ್ಳಲು ಲಿಂಕ್ ಬಂದರೆ ಸರಿ. ನಿಮ್ಮ ಹಳೆಯ ಪಾಸ್‌ವರ್ಡನ್ನೇ ಮೇಲ್ ಮಾಡಿದರೆ ಆ ಕಂಪನಿಯಿಂದ ದೂರವಿರಿ. ಯಾಕೆಂದರೆ ಸರಿಯಾದ ವ್ಯವಸ್ಥೆಯಲ್ಲಿ ನಿಮ್ಮ ಪಾಸ್‌ವರ್ಡ್ ಕಂಪನಿಗೇ ಗೊತ್ತಿರಬಾರದು. ಅದನ್ನು ಹ್ಯಾಶ್ ಮಾಡಿ ಇಡುತ್ತಾರೆ. ಕಾಳನ್ನು ಬೀಸಿ ಹಿಟ್ಟು ಮಾಡಿದ ಹಾಗೆ. ನೀವು ಮತ್ತೆ ಲಾಗಿನ್ ಆದಾಗ ಹೊಸದಾಗಿ ಕೊಟ್ಟ ಕಾಳನ್ನು ಬೀಸಿ, ಹಳೆಯ ಹಿಟ್ಟಿಗೆ ಹೋಲುತ್ತದೆಯೇ ಎಂದು ನೋಡುತ್ತಾರೆ. ಹಿಟ್ಟಿನಿಂದ ಮತ್ತೆ ಕಾಳು ಮಾಡಲು ಆಗದು. ಹಳೆಯ ಪಾಸ್‌ವರ್ಡನ್ನು ನಿಮಗೆ ಕಳಿಸಲು ಆಯಿತು ಎಂದರೆ ಬೀಸಿಯೇ ಇಲ್ಲ ಎಂದರ್ಥ, ಇಲ್ಲವೇ ತೆರೆಯಲು ಬರುವ ಬೀಗ ಹಾಕಿ ಕೀಲಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಹೀಗೆ ಬರೆದಿಟ್ಟ ರೂಪದಲ್ಲೇ ಕಳುವಾದವು. ಆ ಪಟ್ಟಿಯನ್ನು ಹಿಡಿದು ಬೇರೆ ಖಾತೆಗಳ ಪಾಸ್‌ವರ್ಡ್ ಊಹಿಸುವುದು ಇವತ್ತಿಗೂ ನಡೆದಿದೆ.

ಬರೀ ಬೀಸಿದರೂ ಸಾಲದು. ಒಂದೇ ಪಾಸ್‌ವರ್ಡ್ ಇಟ್ಟ ಇಬ್ಬರ ಹಿಟ್ಟೂ ಒಂದೇ ಥರ ಇದ್ದರೆ ಕಳ್ಳನಿಗೆ ಸುಲಭ. ಅದಕ್ಕೆ ಪ್ರತಿಯೊಬ್ಬರದ್ದಕ್ಕೂ ಬೇರೆ ಬೇರೆ 'ಸಾಲ್ಟ್' ಬೆರೆಸುತ್ತಾರೆ. ಹೆಸರೇ ಹಾಗೆ, ಉಪ್ಪು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಹೋದ ಪಾಸ್‌ವರ್ಡ್‌ಗಳಿಗೆ ಈ ಉಪ್ಪು ಬಿದ್ದಿರಲಿಲ್ಲ. ಬಹುಪಾಲು ಬೇಗನೆ ಬಯಲಾದವು.

ಇನ್ನೂ ಕೆಲವು ಪರೀಕ್ಷೆ. ಪಾಸ್‌ವರ್ಡ್ 12 ಅಕ್ಷರ ದಾಟಬಾರದು ಎಂದರೆ ಅನುಮಾನ ಪಡಿ. ಹ್ಯಾಶ್ ಮಾಡಿದರೆ ಎಷ್ಟು ಉದ್ದದ ಪಾಸ್‌ವರ್ಡ್ ಕೊಟ್ಟರೂ ಫಲಿತಾಂಶದ ಅಳತೆ ಒಂದೇ, ಇವರಿಗೇಕೆ ಜಾಗದ ಚಿಂತೆ? ಎರಡು ಹಂತದ ಲಾಗಿನ್, ಅಂದರೆ ಪಾಸ್‌ವರ್ಡ್ ಜೊತೆಗೆ ಒಟಿಪಿಯಂಥದ್ದನ್ನೂ ಕೇಳುವ ವ್ಯವಸ್ಥೆ ಇದೆಯೇ ನೋಡಿ. ಹೊಸ ಫೋನಿನಿಂದ ಲಾಗಿನ್ ಆದರೆ ನಿಮಗೆ ಸಂದೇಶ ಬರುತ್ತದೆಯೇ ನೋಡಿ. ಕಾರ್ಡಿನ ಹಿಂದಿನ ಮೂರಂಕಿಯ ಸಿವಿವಿಯನ್ನು 'ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳುತ್ತೇವೆ' ಎನ್ನುವ ಅಂಗಡಿ ಸಿಕ್ಕರೆ ಅಲ್ಲಿಂದ ಎದ್ದುಬಿಡಿ. ಪಾವತಿ ಒಪ್ಪಿತವಾದ ಮೇಲೆ ವ್ಯಾಪಾರಿ ಅದನ್ನು ಇಟ್ಟುಕೊಳ್ಳುವುದು ಕಾರ್ಡ್ ಕಂಪನಿಗಳ ಪಿಸಿಐ ನಿಯಮದ ಪ್ರಕಾರ ನಿಷಿದ್ಧ.

ಬ್ರೌಸರಿನಲ್ಲಿ ವೆಬ್ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರದ ಬಗ್ಗೆ ಒಂದು ಮಾತು. ಅದು ಹೇಳುವುದು ನಿಮ್ಮ ಫೋನಿನಿಂದ ಅವರ ಸರ್ವರ್‌ವರೆಗಿನ ದಾರಿ ಭದ್ರ ಎಂದು ಮಾತ್ರ. ದಾರಿ ಮುಗಿದ ಮೇಲೆ ಮನೆಯೊಳಗೆ ಏನಾಗುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ಮೋಸದ ತಾಣಗಳಿಗೂ ಆ ಬೀಗ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ತೆಗೆದುಹಾಕಿತು.

ಬೀಗವನ್ನು ಒಳಗಿನವರೇ ತೆರೆದಿಟ್ಟರೆ? ಬೇಲಿಯೇ ಎದ್ದು ಹೊಲ ಮೇಯುವ ಕತೆ. ಬಹಳ ಸಲ ಅದರಲ್ಲಿ ದುರುದ್ದೇಶ ಇರುವುದಿಲ್ಲ, ಉದಾಸೀನ ಇರುತ್ತದೆ. ನಾನಿದ್ದ ಕಡೆ ಹೊಸ ಸಾಫ್ಟ್‌ವೇರ್ ಪರೀಕ್ಷಿಸಲು ನಿಜವಾದ ಗ್ರಾಹಕರ ಪಟ್ಟಿಯನ್ನೇ ನಕಲು ಮಾಡಿ ಬಳಸುತ್ತಿದ್ದರು. ಒಂದು ರಾತ್ರಿ 11 ಗಂಟೆಗೆ ನೂರಾರು ಗ್ರಾಹಕರ ಫೋನಿಗೆ 'ಟೆಸ್ಟ್ ಟೆಸ್ಟ್ 123' ಎಂಬ ಸಂದೇಶ ಹೋಯಿತು. ಮಾರನೆಯ ದಿನ ಫೋನ್ ಎತ್ತಿ ಎತ್ತಿ ನನ್ನ ಕಿವಿ ಕೆಂಪಾಯಿತು. ಅವತ್ತು ಹೋದದ್ದು ಬರೀ ಪೊಳ್ಳು ಸಂದೇಶ. ಆದರೆ ಆ ಪಟ್ಟಿ ಕೈಗೆ ಸಿಗುತ್ತಿದ್ದವರಲ್ಲಿ ಮೂರು ತಿಂಗಳಿಗೆಂದು ಬಂದ ತರಬೇತಿ ಹುಡುಗರೂ ಇದ್ದರು.

ಇದನ್ನು ಹೊರಗಿನಿಂದ ಅಳೆಯಲು ಒಂದು ದಾರಿ ಇದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ನಿಮ್ಮ ಹೆಸರು ಹೇಳಿದ ಮಾತ್ರಕ್ಕೆ ವಿಳಾಸ, ಕೊನೆಯ ಆರ್ಡರ್ ಎಲ್ಲ ಪಟಪಟನೆ ಹೇಳಿಬಿಟ್ಟರೆ, ಬೇರೆಯವರು ನಿಮ್ಮ ಹೆಸರು ಹೇಳಿದಾಗಲೂ ಹಾಗೇ ಹೇಳುತ್ತಾರೆ. ನಾಲ್ಕು ಪ್ರಶ್ನೆ ಕೇಳಿ ನಿಮ್ಮನ್ನು ಸತಾಯಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಪಾಸ್‌ವರ್ಡ್ ಅಥವಾ ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ.

ಹೆಜ್ಜೆ 5: ಸೋರಿದೆ ಎಂಬ ಪತ್ರ ಬಂದರೆ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಕಾಣಬಹುದು, ಆದರೂ ಆಗ ಮಾಡುವ ಕೆಲಸ ಇದ್ದೇ ಇದೆ.

ಮೊದಲು ಪತ್ರದಲ್ಲಿ ಎರಡು ತಾರೀಕು ಹುಡುಕಿ: ಸೋರಿಕೆ ಆದದ್ದು ಯಾವಾಗ, ಕಂಪನಿಗೆ ಗೊತ್ತಾಗಿದ್ದು ಯಾವಾಗ. ಯುರೋಪಿನ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ಕಾನೂನಿನಲ್ಲಿ ಗೊತ್ತಾದ 72 ಗಂಟೆಯೊಳಗೆ ನಿಯಂತ್ರಣ ಸಂಸ್ಥೆಗೆ ತಿಳಿಸಬೇಕು. ಅಮೆರಿಕದ ಸಾಲದ ಇತಿಹಾಸ ಇಡುವ ಇಕ್ವಿಫ್ಯಾಕ್ಸ್ ಕಂಪನಿಗೆ ಕಳ್ಳತನ ಗೊತ್ತಾಗಿದ್ದು 2017ರ ಜುಲೈ ಕೊನೆಗೆ, ಜನರಿಗೆ ಹೇಳಿದ್ದು ಸೆಪ್ಟೆಂಬರ್ 7ಕ್ಕೆ. ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿತ್ತು. ಕಳ್ಳರು ಬಂದ ಕಿಂಡಿ ಮುಚ್ಚುವ ಸಾಫ್ಟ್‌ವೇರ್ ತೇಪೆ ಮಾರ್ಚಿನಲ್ಲೇ ಬಂದಿತ್ತು, ಹಾಕಿರಲಿಲ್ಲ. ಒಳಗೆ ನೆಟ್‌ವರ್ಕಿನ ಮಾಹಿತಿ ಸಂಚಾರ ಗಮನಿಸುವ ಉಪಕರಣವೂ ಇತ್ತು. ಅದು ಕೆಲಸ ಮಾಡಲು ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು ತಿಂಗಳುಗಟ್ಟಲೆ ಕುರುಡಾಗಿ ಕೂತಿತ್ತು. ಪ್ರಮಾಣಪತ್ರ ಹೊಸದು ಮಾಡಿದ ತಕ್ಷಣ ಕಳ್ಳತನ ಕಣ್ಣಿಗೆ ಬಿತ್ತು.

ಆಮೇಲೆ ಏನು ಹೋಗಿದೆ ಎಂದು ಎರಡು ರಾಶಿ ಮಾಡಿ. ಬದಲಾಯಿಸಬಹುದಾದದ್ದು, ಬದಲಾಯಿಸಲಾಗದ್ದು. ಪಾಸ್‌ವರ್ಡ್, ಕಾರ್ಡ್ ನಂಬರ್ ಬದಲಾಯಿಸಬಹುದು, ಇವತ್ತೇ ಮಾಡಿ. ಅದೇ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಇಟ್ಟಿದ್ದೀರೋ ಅಲ್ಲೂ ಮಾಡಿ, ಇಮೇಲ್ ಖಾತೆಯಿಂದ ಶುರುಮಾಡಿ. ಹುಟ್ಟಿದ ದಿನ, ತಾಯಿಯ ಹೆಸರು, ಬೆರಳಚ್ಚು ಬದಲಾಯಿಸಲು ಬರುವುದಿಲ್ಲ. ಇವು ಹೋಗಿದ್ದರೆ ಇನ್ನು ಮುಂದೆ ಇವುಗಳನ್ನು ಹೇಳಿದವರು ನೀವೇ ಎಂದು ಯಾರೂ ನಂಬಬಾರದು. ಭದ್ರತಾ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಡುವುದನ್ನು ನಿಲ್ಲಿಸಿ, ಏನಾದರೊಂದು ಸುಳ್ಳು ಉತ್ತರ ಬರೆದಿಟ್ಟುಕೊಳ್ಳಿ.

ಸೋರಿಕೆಯ ಸುದ್ದಿ ಬಂದ ವಾರದಲ್ಲೇ 'ಪರಿಹಾರ ಕೊಡುತ್ತೇವೆ' ಎಂದು ಕರೆ ಬರುವುದು ಮಾಮೂಲು. ಕರೆ ಮಾಡಿದವರಿಗೆ ನಿಮ್ಮ ಆರ್ಡರ್ ನಂಬರ್ ಗೊತ್ತು ಎಂದ ಮಾತ್ರಕ್ಕೆ ಅವರು ಕಂಪನಿಯವರಲ್ಲ. ಆ ನಂಬರೇ ಅಲ್ವಾ ಕಳುವಾದದ್ದು!

ಪತ್ರ ಬಾರದಿದ್ದರೂ 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ತಾಣದಲ್ಲಿ ನಿಮ್ಮ ಇಮೇಲ್ ಹಾಕಿ ನೋಡಬಹುದು. ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ಭದ್ರತಾ ತಜ್ಞರು 2013ರಲ್ಲಿ ಶುರುಮಾಡಿದ್ದು. ಯಾವ್ಯಾವ ಸೋರಿಕೆಯಲ್ಲಿ ನಿಮ್ಮ ವಿಳಾಸ ಸಿಕ್ಕಿಬಿದ್ದಿದೆ ಎಂದು ತೋರಿಸುತ್ತದೆ.

ಹೆಜ್ಜೆ 6: ಕೇಳಿ, ಬರವಣಿಗೆಯಲ್ಲಿ ಕೇಳಿ

ಇಷ್ಟು ಹೊತ್ತು ಮಾಡಿದ್ದೆಲ್ಲ ಊಹೆ. ಕಂಪನಿ ನಿಜವಾಗಿ ಏನು ಇಟ್ಟುಕೊಂಡಿದೆ ಎಂದು ತಿಳಿಯಲು ಕೇಳಬೇಕು. ಬಹಳ ಕಡೆ ಈಗ ಇದು ಹಕ್ಕು. ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ, ಅದರಂತೆ ಒಂದು ತಿಂಗಳೊಳಗೆ ಉತ್ತರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 45 ದಿನ. ಎರಡು ಕಡೆಯೂ ಕಾರಣ ಕೊಟ್ಟು ಅವಧಿ ಮುಂದೂಡಲು ಅವಕಾಶ ಇದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ತಮ್ಮ ಮಾಹಿತಿಯನ್ನು ತಿಳಿದುಕೊಳ್ಳುವ, ತಿದ್ದಿಸುವ, ಅಳಿಸುವ ಹಕ್ಕು ಬರೆದಿದೆ. ಇಂಥ ಕಾನೂನು ಇಲ್ಲದ ಕಡೆಯೂ ಕೇಳಲು ಅಡ್ಡಿಯಿಲ್ಲ. ಉತ್ತರ ಕೊಡುವ ರೀತಿಯಲ್ಲೇ ಕಂಪನಿ ಅಳತೆಗೆ ಸಿಗುತ್ತದೆ.

ಪಾಲಿಸಿಯ ಕೊನೆಗೆ ಡೇಟಾ ರಕ್ಷಣಾ ಅಧಿಕಾರಿ ಅಥವಾ ಕುಂದುಕೊರತೆ ಅಧಿಕಾರಿಯ ಇಮೇಲ್ ಇರುತ್ತದೆ. ಬರೀ 'ಸಂಪರ್ಕಿಸಿ' ಎಂಬ ಫಾರ್ಮ್ ಇದ್ದರೆ ಒಂದು ಅಂಕ ಕಳೆಯಿರಿ. ಪತ್ರ ಉದ್ದ ಬೇಡ. ನಾನು ಬರೆಯುವುದು ಇಷ್ಟು:

'ನಮಸ್ಕಾರ. ನಾನು ನಿಮ್ಮ ಗ್ರಾಹಕ, ಇದೇ ಇಮೇಲ್ ವಿಳಾಸದಲ್ಲಿ ನನ್ನ ಖಾತೆ ಇದೆ. ನನ್ನ ಬಗ್ಗೆ ನಿಮ್ಮ ಬಳಿ ಇರುವ ಎಲ್ಲ ಮಾಹಿತಿಯ ಪ್ರತಿ ಕಳಿಸಿಕೊಡಿ. ಅದು ಎಲ್ಲಿಂದ ಬಂತು, ಯಾತಕ್ಕೆ ಬಳಸುತ್ತಿದ್ದೀರಿ, ಯಾವ ಯಾವ ಸಂಸ್ಥೆಗಳಿಗೆ ಕೊಟ್ಟಿದ್ದೀರಿ, ಎಷ್ಟು ದಿನ ಇಡುತ್ತೀರಿ ಎಂದು ತಿಳಿಸಿ. ಕಸ್ಟಮರ್ ಕೇರ್ ಸಿಬ್ಬಂದಿ ನನ್ನ ಖಾತೆಯಲ್ಲಿ ಬರೆದ ಟಿಪ್ಪಣಿಗಳು ಹಾಗೂ ನನ್ನ ಆಸಕ್ತಿಗಳ ಬಗ್ಗೆ ನೀವು ಮಾಡಿಕೊಂಡ ಊಹೆಗಳೂ ಇದರಲ್ಲಿ ಸೇರಿರಲಿ. ಈ ಪತ್ರ ತಲುಪಿದ್ದನ್ನು ತಿಳಿಸಿ.'

ಖಾತೆ ಇರುವ ಇಮೇಲಿನಿಂದಲೇ ಕಳಿಸಿ. ಅವರು ನಿಮ್ಮ ಗುರುತು ಖಚಿತ ಮಾಡಿಕೊಳ್ಳಲು ಏನಾದರೂ ಕೇಳಿದರೆ ಸಿಟ್ಟಾಗಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2019ರಲ್ಲಿ ತಾವು ಮದುವೆಯಾಗಲಿದ್ದ ಹುಡುಗಿಯ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲಿ ಸುಮಾರು 150 ಸಂಸ್ಥೆಗಳಿಗೆ ಇಂಥದೇ ಪತ್ರ ಬರೆದರು. ಅವರ ಮಾಹಿತಿ ಇಟ್ಟಿದ್ದ ಸಂಸ್ಥೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಸರಿಯಾಗಿ ವಿಚಾರಿಸದೆ ಎಲ್ಲವನ್ನೂ ಕಳಿಸಿಕೊಟ್ಟವು. ಹಾಗೆಂದು ಅತಿಯೂ ಬೇಡ. ಬರೀ ಇಮೇಲ್ ಮಾತ್ರ ಗೊತ್ತಿದ್ದ ಕಂಪನಿ ಪಾಸ್‌ಪೋರ್ಟಿನ ಪ್ರತಿ ಕೇಳಿದರೆ ಕೊಡಬೇಡಿ, ಬೇರೆ ದಾರಿ ಕೇಳಿ. ಗುರುತಿನ ಚೀಟಿ ಕಳಿಸಲೇಬೇಕಾದರೆ ನಂಬರನ್ನು ಮುಚ್ಚಿ, ಅಡ್ಡಲಾಗಿ 'ಮಾಹಿತಿ ಕೋರಿಕೆಗೆ ಮಾತ್ರ' ಎಂದು ಬರೆದು, ತಾರೀಕು ಹಾಕಿ ಕಳಿಸಿ.

ಕಳಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅವಧಿ ಮುಗಿದರೆ ಅದೇ ಮೇಲಿಗೆ ಒಂದು ನೆನಪೋಲೆ, ಅದಕ್ಕೂ ಉತ್ತರ ಇಲ್ಲದಿದ್ದರೆ ನಿಮ್ಮಲ್ಲಿನ ನಿಯಂತ್ರಣ ಸಂಸ್ಥೆಗೆ ದೂರು.

ನಾನು ಮೊದಲ ಸಲ ಹೀಗೆ ಬರೆದದ್ದು ಒಂದು ಆನ್‌ಲೈನ್ ಅಂಗಡಿಗೆ. 29ನೇ ದಿನ ಒಂದು ಜಿಪ್ ಫೈಲು ಬಂತು. ಬಿಟ್ಟು ಎಷ್ಟೋ ವರ್ಷವಾದ ಮನೆಯ ವಿಳಾಸ ಅದರಲ್ಲಿತ್ತು. ಯಾವತ್ತೋ ಬುಟ್ಟಿಗೆ ಹಾಕಿ ಕೊಳ್ಳದೆ ಬಿಟ್ಟ ಸಾಮಾನುಗಳ ಪಟ್ಟಿ ಇತ್ತು. ನನಗೆ ಮಕ್ಕಳಿರಬಹುದು ಎಂಬ ತಪ್ಪು ಊಹೆ ಇತ್ತು. ಕೊನೆಯ ಹಾಳೆಯಲ್ಲಿ ಕಸ್ಟಮರ್ ಕೇರ್‌ನವರ ಒಂದು ಟಿಪ್ಪಣಿ: 'ಈ ಗ್ರಾಹಕರು ಪ್ರಶ್ನೆ ಜಾಸ್ತಿ ಕೇಳುತ್ತಾರೆ.' ಉಳಿದದ್ದನ್ನೆಲ್ಲ ಅಳಿಸಿ ಎಂದು ಬರೆದೆ. ಅದೊಂದನ್ನು ಇಟ್ಟುಕೊಳ್ಳಲಿ ಎಂದು ಬಿಟ್ಟೆ.